ಪಂಡಿತನೊಬ್ಬ ಪ್ರಾರ್ಥನೆ ಕಲಿಯಲು ಹೊರಟ

ಮುಂಬೈನ ನಾರಿಮನ್ ಹೌಸ್ ನಮ್ಮ ನೆನಪಿನಲ್ಲಿ ಉಳಿದಿರುವುದು 2008ರ ಉಗ್ರರ ದಾಳಿಯಿಂದ. ಅದು ಚಾಬಾದ್ ಎಂಬ ಯಹೂದಿ ಪಂಥದ ಕೇಂದ್ರ. (ನಾವು ‘ಚ’ ಬರೆಯುತ್ತೇವೆ, ಹೀಬ್ರೂವಿನಲ್ಲಿ ಅದು ಗಂಟಲಿಂದ ಹೊರಡುವ ‘ಹ’ಕಾರ.) ವಿವೇಕ, ಗ್ರಹಿಕೆ, ಅರಿವು ಎಂಬರ್ಥದ ಮೂರು ಪದಗಳ ಮೊದಲಕ್ಷರ ಸೇರಿ ಆದ ಹೆಸರು. ಭಕ್ತಿಪಂಥಕ್ಕೆ ಬುದ್ಧಿಯ ಹೆಸರೇಕೆ?

ಉತ್ತರ ಪಂಥವನ್ನು ಕಟ್ಟಿದ ಶ್ನೆಯೂರ್ ಝಲ್ಮಾನ್ ಅವರ ಬದುಕಿನಲ್ಲಿದೆ. 1745ರಲ್ಲಿ, ಈಗಿನ ಬೆಲಾರೂಸ್‌ನ ಲಿಯೋಜ್ನಾದಲ್ಲಿ ಹುಟ್ಟಿದ ಇವರು ಎಳೆಯ ವಯಸ್ಸಿಗೇ ಯಹೂದಿಗಳ ಧರ್ಮಚರ್ಚೆಯ ಮಹಾಗ್ರಂಥ ತಾಲ್ಮೂದ್ ಅರಗಿಸಿಕೊಂಡವರು. ಮುಂದಿನ ಕಲಿಕೆಗೆ ಎರಡು ದಾರಿ: ಪಾಂಡಿತ್ಯದ ಊರು ವಿಲ್ನಾ, ಪ್ರಾರ್ಥನೆಯ ಊರು ಮೆಝೆರಿಚ್. ಓದುವುದು ಅಷ್ಟಿಷ್ಟು ಗೊತ್ತು, ಪ್ರಾರ್ಥಿಸುವುದು ಗೊತ್ತಿಲ್ಲವೆಂದು ಮೆಝೆರಿಚ್‌ಗೆ ಹೊರಟರೆಂಬುದು ಪಂಥದೊಳಗಿನ ಮಾತು. ಅಲ್ಲಿನ ಗುರು ದೋವ್ ಬೇರ್ ಮಾತ್ರ ಈ ಶಿಷ್ಯನಿಗೆ ವಹಿಸಿದ್ದು ಧರ್ಮಶಾಸ್ತ್ರ ಸಂಹಿತೆಯನ್ನು ಹೊಸದಾಗಿ ಬರೆಯುವ ಕೆಲಸ! ಹಸೀದರು (ಈ ಭಕ್ತಿಮಾರ್ಗದ ಯಹೂದಿಗಳು) ಓದು ಬಿಟ್ಟವರೆಂದು ಹಳಿಯುತ್ತಿದ್ದವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿರಲಿಲ್ಲ.

ಆದರೂ 1772ರಲ್ಲಿ ಹಸೀದರ ಮೇಲೆ ವಿಲ್ನಾದಿಂದ ಬಹಿಷ್ಕಾರ ಬಂತು. ಅದೇ ವರ್ಷದ ಕೊನೆಗೆ ಗುರುವೂ ತೀರಿಕೊಂಡರು. ಸಂಧಾನಕ್ಕೆಂದು ಹೋದ ಝಲ್ಮಾನ್ ಮತ್ತು ಅವರ ಹಿರಿಯ ಒಡನಾಡಿ ಮೆನಾಹೆಮ್ ಮೆಂಡೆಲ್‌ಗೆ ವಿಲ್ನಾದ ಮಹಾಪಂಡಿತ ಎಲೀಯಾ ಮುಖವನ್ನೂ ತೋರಿಸಲಿಲ್ಲ. 1777ರಲ್ಲಿ ಮೆಂಡೆಲ್ ಪ್ಯಾಲೆಸ್ಟೈನ್‌ಗೆ ಹೊರಟುಹೋದರು.

ಕ್ರಮೇಣ ಝಲ್ಮಾನ್‌ರನ್ನು ಕಾಣಲು ಲಿಯೋಜ್ನಾದಲ್ಲಿ ಜನಜಾತ್ರೆ. ಯಾರು ಯಾವಾಗ ಬರಬೇಕೆಂದು ಕಟ್ಟಳೆಯನ್ನೇ ಮಾಡಬೇಕಾಯಿತು. ಒಬ್ಬೊಬ್ಬರಿಗೂ ಕೂತು ಉತ್ತರಿಸಲಾಗದೆ ಬರೆದುಕೊಟ್ಟ ಹೊತ್ತಗೆಗಳು ಕೈಯಿಂದ ಕೈಗೆ ನಕಲಾಗುತ್ತಾ ತಪ್ಪುಗಳ ಸಂತೆಯಾದವು. ಅದಕ್ಕೇ 1796ರಲ್ಲಿ ಸ್ಲಾವಿಟಾ ಊರಿನಲ್ಲಿ ಅವು ‘ತಾನ್ಯಾ’ ಎಂಬ ಪುಸ್ತಕವಾಗಿ ಅಚ್ಚಾದವು. ಅದರ ನಾಯಕ ಸಂತನಲ್ಲ, ಪಾಪಿಯೂ ಅಲ್ಲ, ‘ನಡುವಿನವನು’. ಕೆಟ್ಟ ಆಸೆ ಅವನಲ್ಲಿ ಏಳುತ್ತಲೇ ಇರುತ್ತದೆ. ಆದರೆ ನಡೆ, ನುಡಿ, ಯೋಚನೆಗಳ ಕೀಲಿ ಅದರ ಕೈಗೆ ಸಿಗದು. ಎದೆ ತಾನಾಗಿ ಕರಗಲೆಂದು ಕಾಯಬೇಕಿಲ್ಲ, ಧ್ಯಾನಿಸಿದರೆ ಪ್ರೀತಿ ಹುಟ್ಟೀತು ಎಂಬ ಭರವಸೆ ಈ ಪುಸ್ತಕದ್ದು. ಪಂಥದ ಹೆಸರಿನ ಗುಟ್ಟೂ ಇದೇ. ಇಷ್ಟು ಬುದ್ಧಿ ಬೇಕೇ ಎಂದು ಗೊಣಗಿದವರು ಹಸೀದರಲ್ಲೂ ಇದ್ದರು.

1798ರಲ್ಲಿ ವಿರೋಧಿಗಳ ದೂರಿನ ಮೇಲೆ ರಷ್ಯಾ ಸರ್ಕಾರ ಅವರನ್ನು ಪೀಟರ್ಸ್‌ಬರ್ಗ್‌ನಲ್ಲಿ ಸೆರೆಯಿಟ್ಟಿತು. ಪ್ಯಾಲೆಸ್ಟೈನ್‌ನ ಹಸೀದರಿಗೆ ಕಳಿಸಿದ ಕಾಣಿಕೆ ಹಣವೂ ಆರೋಪವಾಗಿತ್ತು. ಬಿಡುಗಡೆಯಾದ ದಿನ, ಯಹೂದಿ ಪಂಚಾಂಗದ ಕಿಸ್ಲೇವ್ ತಿಂಗಳ 19, ಚಾಬಾದಿಗರಿಗೆ ಇಂದಿಗೂ ಹಬ್ಬ. 1800ರಲ್ಲಿ ಮತ್ತೆ ಬಂಧನ, ಬಿಡುಗಡೆ. ಆಮೇಲೆ ಲಿಯಾದಿಯಲ್ಲಿ ವಾಸ.

ವಿಚಿತ್ರವೆಂದರೆ, 1812ರಲ್ಲಿ ಅವರು ನಿಂತದ್ದು ತಮ್ಮನ್ನು ಸೆರೆಯಿಟ್ಟ ರಷ್ಯಾದ ಕಡೆಗೇ. ನೆಪೋಲಿಯನ್ ಗೆದ್ದರೆ ಯಹೂದಿಗಳಿಗೆ ಸಿರಿ ಬಂದೀತು, ದೇವರು ದೂರವಾದಾನು ಎಂಬ ಅಂಜಿಕೆ. ಫ್ರೆಂಚ್ ಸೇನೆಗೆ ಸಿಗದಂತೆ ಓಡುತ್ತಾ, ಆ ಡಿಸೆಂಬರ್‌ನಲ್ಲಿ ಪೆನಾ ಎಂಬ ಹಳ್ಳಿಯಲ್ಲಿ ತೀರಿಕೊಂಡರು. ಮಗ ದೋವ್ ಬೇರ್ ಲ್ಯುಬಾವಿಚ್ ಊರಿನಲ್ಲಿ ನೆಲೆಯೂರಿದರು.