ಕಾಲು ತೆಗೆದರೂ ಆರದ ಬ್ರೇಕ್ ಲೈಟ್

"ಮೊನ್ನೆನೇ ಹೊಸಾ ಬ್ಯಾಟರಿ ಹಾಕ್ಸೇನ್ರಿ, ಮುಂಜಾನೆ ನೋಡಿದ್ರ ಸೆಲ್ಫ್ ತಗೊಳ್ಳಾಕತ್ತಿಲ್ಲ." ವಿಜಯಪುರದ ನಮ್ಮ ಗ್ಯಾರೇಜಿಗೆ ಇಂಥ ಫೋನ್ ಆಗಾಗ ಬರುತ್ತದೆ. ಆಗ ನಾನು ಬ್ಯಾಟರಿ ವಿಷಯ ಬಿಟ್ಟು ಬೇರೆಯದೇ ಕೇಳುತ್ತೇನೆ: "ರಾತ್ರಿ ಗಾಡಿ ನಿಲ್ಲಿಸಿದ ಮ್ಯಾಲೆ ಹಿಂದಿನ ಕೆಂಪು ಲೈಟ್ ಆರಿತ್ತೇನ್ರಿ?" ಹೆಚ್ಚಿನವರು ನೋಡಿರುವುದಿಲ್ಲ. ಓಡಿಸುವವರ ಕಣ್ಣಿಗೆ ಬೀಳದ ಲೈಟ್ ಅದು, ಅಲ್ವಾ?

ಬಹಳಷ್ಟು ಕಾರುಗಳಲ್ಲಿ ಕೀಲಿ ತೆಗೆದರೂ ಬ್ರೇಕ್ ಲೈಟ್‌ಗೆ ಕರೆಂಟ್ ಇರುತ್ತದೆ. ಎರಡು ಬದಿಗೆ 21 ವ್ಯಾಟ್‌ನ ಒಂದೊಂದು ಬಲ್ಬ್, ಅಂದರೆ 42 ವ್ಯಾಟ್. 12 ವೋಲ್ಟ್‌ನಲ್ಲಿ ಅದು ಮೂರೂವರೆ ಆಂಪಿಯರ್ ಎಳೆಯುತ್ತದೆ. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಹತ್ತು ತಾಸಿನಲ್ಲಿ ಖಾಲಿ. ಸೆಲ್ಫ್ ತಿರುಗಿಸುವ ಶಕ್ತಿ ಅದಕ್ಕಿಂತ ಎಷ್ಟೋ ಮೊದಲೇ ಹೋಗಿರುತ್ತದೆ. ಎಲ್‌ಇಡಿ ಇದ್ದರೆ ಎಳೆಯುವುದು ಕಡಿಮೆ, ಹಾಗಾಗಿ ಬ್ಯಾಟರಿ ಬೇಗ ಕೂರುವುದಿಲ್ಲ. ನನಗೆ ಜಾಸ್ತಿ ಚಿಂತೆ ಇಂಥ ಕಾರುಗಳದ್ದೇ. ಮಾಲೀಕರಿಗೆ ಸುಳಿವೇ ಸಿಗದೆ ದಿನಗಟ್ಟಲೆ ಹಾಗೇ ಓಡಾಡುತ್ತಿರುತ್ತಾರೆ.

ಕಬ್ಬಿನ ಹಂಗಾಮಿನಲ್ಲಿ ಕೊಲ್ಹಾರ ಕಡೆ ರಾತ್ರಿ ಕಾರು ಓಡಿಸಿದವರಿಗೆ ಇದು ಅರ್ಥವಾಗುತ್ತದೆ. ಎರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ಒಂದೂ ದೀಪವಿಲ್ಲದ ಟ್ರ್ಯಾಕ್ಟರ್ ಏಕಾಏಕಿ ಎದುರಾಗುತ್ತದೆ. ನೀವು ಗಟ್ಟಿಯಾಗಿ ಬ್ರೇಕ್ ಒತ್ತುತ್ತೀರಿ. ನಿಮ್ಮ ಲೈಟ್ ಮೊದಲಿನಿಂದಲೂ ಉರಿಯುತ್ತಲೇ ಇದ್ದರೆ, ನೀವು ಬ್ರೇಕ್ ಹಾಕಿದ್ದು ಹಿಂದಿನ ಲಾರಿಯವನಿಗೆ ಹೇಗೆ ಗೊತ್ತಾಗಬೇಕು?

ತಪಾಸಣೆ ಪೆಡಲ್‌ನಿಂದಲೇ ಶುರುವಾಗಬೇಕು. ಚಾಲಕನ ಸೀಟಿನ ಬಾಗಿಲು ತೆಗೆದು, ಕಾಲಡಿಯ ಮ್ಯಾಟ್ ಮೇಲೆ ಟಾರ್ಚ್ ಬಿಡಿ. ಪುಡಿಯಾದ ಪ್ಲಾಸ್ಟಿಕ್ ಚೂರು ಬಿದ್ದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಪೆಡಲ್‌ನ ತೋಳಿಗೆ ಒಂದು ತೂತು ಇರುತ್ತದೆ, ಅದರಲ್ಲಿ ಬುಷ್ ಅನ್ನುವ ಸಣ್ಣ ಪ್ಲಾಸ್ಟಿಕ್ ಬಿರಡೆ ಕೂತಿರುತ್ತದೆ. ಪೆಡಲ್ ಮೇಲೆ ಬಂದಾಗ ಈ ಬುಷ್ ಎದುರಿಗಿರುವ ಬ್ರೇಕ್ ಲೈಟ್ ಸ್ವಿಚ್ಚಿನ ಪಿನ್ನನ್ನು ಒಳಗೆ ಒತ್ತುತ್ತದೆ, ಲೈಟ್ ಆರುತ್ತದೆ. ಪೆಡಲ್ ತುಳಿದಾಗ ಪಿನ್ ಹೊರಗೆ ಬರುತ್ತದೆ, ಲೈಟ್ ಹತ್ತುತ್ತದೆ. ಬುಷ್ ಪುಡಿಯಾದರೆ ಪಿನ್ ಸೀದಾ ತೂತಿನೊಳಗೆ ಹೋಗಿ ನಿಲ್ಲುತ್ತದೆ. ಸ್ವಿಚ್ಚಿಗೆ ಪೆಡಲ್ ತುಳಿದೇ ಇದ್ದಂತೆ.

ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗೆ ಅದಕ್ಕಿಂತ ಜಾಸ್ತಿ. ಹಳೆಯ ಪ್ಲಾಸ್ಟಿಕ್ ಒಣಗಿ ಒಡೆಯುವುದರಲ್ಲಿ ಆಶ್ಚರ್ಯವಿಲ್ಲ. ಬುಷ್‌ನ ಬೆಲೆ ತೀರಾ ಕಡಿಮೆ. ದಾರಿಯಲ್ಲಿ ಸಿಗದಿದ್ದರೆ ತೂತಿಗೆ ಸಣ್ಣ ಬೋಲ್ಟ್, ವಾಷರ್, ನಟ್ ಹಾಕಿ ಬಿಗಿ ಮಾಡಿಕೊಂಡು ಊರು ಮುಟ್ಟಬಹುದು. ಅದನ್ನೇ ಕಾಯಂ ಮಾಡಬೇಡಿ. ನಟ್ ಸಡಿಲಾಗಿ ಪೆಡಲ್ ಅಡಿಗೆ ಬಿದ್ದರೆ ಗತಿ ಏನು?

ಬುಷ್ ಸರಿಯಿದ್ದರೆ ಪೆಡಲ್ ಅಡಿಗೆ ಪಾದ ಇಟ್ಟು ಮೆಲ್ಲಗೆ ಮೇಲಕ್ಕೆ ಎತ್ತಿ. ಲೈಟ್ ಆರಿತೇ? ಹಾಗಾದರೆ ಪೆಡಲ್ ಪೂರ್ತಿ ವಾಪಸ್ ಬರುತ್ತಿಲ್ಲ, ಇಲ್ಲವೇ ಸ್ವಿಚ್ ಸ್ವಲ್ಪ ದೂರ ಸರಿದಿದೆ. ಅಡ್ಡ ಬಂದ ಮ್ಯಾಟ್, ಸೋತ ಸ್ಪ್ರಿಂಗ್, ಧೂಳು ತಿಂದು ಬಿಗಿಯಾದ ಪೆಡಲ್ ಕೀಲು ಇವನ್ನೆಲ್ಲ ನೋಡಿ. ಸ್ವಿಚ್ಚಿಗೆ ಲಾಕ್ ನಟ್ ಇದ್ದರೆ ಸಡಿಲಿಸಿ ಸರಿ ಹೊಂದಿಸಬಹುದು. ಆದರೆ ಇಲ್ಲಿ ಅವಸರ ಬೇಡ. ಲೈಟ್ ಆರಿದರೆ ಸಾಕು ಅಂತ ಸ್ವಿಚ್ಚನ್ನು ಪೆಡಲ್ ಕಡೆ ಜಾಸ್ತಿ ತಿರುಗಿಸಿದರೆ, ಪೆಡಲ್ ಸದಾ ಸ್ವಲ್ಪ ಒತ್ತಿಕೊಂಡೇ ಉಳಿಯುತ್ತದೆ. ಬ್ರೇಕ್ ಹಿಡಿದುಕೊಂಡೇ ಕಾರು ಓಡುತ್ತದೆ, ಚಕ್ರ ಕಾಯುತ್ತದೆ, ಪ್ಯಾಡ್ ಸವೆಯುತ್ತದೆ. ಪೆಡಲ್‌ಗೆ ಮೊದಲಿದ್ದ ಸಡಿಲು ಹಾಗೇ ಇರಬೇಕು.

ಎತ್ತಿದರೂ ಆರಲಿಲ್ಲವೆಂದರೆ ಸ್ವಿಚ್ಚಿನ ಕಪ್ಲರ್, ಅಂದರೆ ವೈರ್ ಸಿಕ್ಕಿಸಿರುವ ಪ್ಲಗ್, ಬಿಚ್ಚಿ. ಲೈಟ್ ಆರಿದರೆ ಸ್ವಿಚ್ ಒಳಗೇ ಅಂಟಿಕೊಂಡಿದೆ, ಬದಲಿಸಿ. ಆರದಿದ್ದರೆ ಸ್ವಿಚ್ಚಿನದು ತಪ್ಪಿಲ್ಲ, ಮುಂದೆ ಎಲ್ಲೋ ಬ್ರೇಕ್ ವೈರಿಗೆ ಬೇರೆ ಕರೆಂಟ್ ಸೇರುತ್ತಿದೆ. ಕಂಪ್ಯೂಟರ್ ಮೂಲಕ ಲೈಟ್ ಹತ್ತಿಸುವ ಹೊಸ ಕಾರುಗಳಿಗೆ ಮಾತ್ರ ಈ ಪರೀಕ್ಷೆ ಸಾಲದು, ಸ್ಕ್ಯಾನರ್ ಹಾಕಲೇಬೇಕು. ಅಂಥ ಕಾರಿನಲ್ಲಿ ಈ ಸ್ವಿಚ್ ಕೆಟ್ಟರೆ ಕ್ರೂಸ್ ಕಂಟ್ರೋಲ್ ನಿಲ್ಲಬಹುದು, ಆಟೋಮ್ಯಾಟಿಕ್ ಗೇರ್ ಪಾರ್ಕಿಂಗ್‌ನಿಂದ ಹೊರಗೆ ಬಾರದೇ ಇರಬಹುದು. ಇದನ್ನು ಗೇರ್‌ಬಾಕ್ಸ್ ಹೋಯಿತೆಂದು ಹೆದರಿಕೊಂಡು ಬರುವವರೂ ಇದ್ದಾರೆ.

ವೈರಿಂಗ್ ಹುಡುಕುವಾಗ ನಾನು ಮೊದಲು ಡಿಕ್ಕಿ ಬಾಗಿಲಿನ ಕೀಲಿನ ಹತ್ತಿರ ಹೋಗುತ್ತೇನೆ. ಸಾವಿರ ಸಲ ತೆಗೆದು ಹಾಕಿ ಅಲ್ಲಿನ ರಬ್ಬರ್ ಕೊಳವೆಯೊಳಗೆ ವೈರ್ ಮೈ ಸುಲಿದು ಒಂದಕ್ಕೊಂದು ತಾಗುತ್ತವೆ. ಆಮೇಲೆ ಹೊರಗೆ ಹಾಕಿಸಿದ ಮಿನುಗುವ ಲೈಟ್, ಕ್ಯಾಮೆರಾ, ಟ್ರೇಲರ್ ಕನೆಕ್ಷನ್. ವೈರ್ ಕತ್ತರಿಸಿ ಸುಮ್ನೆ ಟೇಪ್ ಸುತ್ತಿದ ಜಾಗಗಳು ಇಲ್ಲೇ ಸಿಗುತ್ತವೆ.

ಪಾರ್ಕಿಂಗ್ ಲೈಟ್ ಹಾಕಿದಾಗ ಮಾತ್ರ ಬ್ರೇಕ್ ಲೈಟ್ ಉರಿದರೆ ಕಥೆ ಬೇರೆ. ಒಂದೇ ಬಲ್ಬಿನಲ್ಲಿ 21 ಮತ್ತು 5 ವ್ಯಾಟ್‌ನ ಎರಡು ತಂತಿ ಇರುವ ಕಾರುಗಳಲ್ಲಿ ಹೋಲ್ಡರ್ ತುಕ್ಕು ಹಿಡಿದು ಅರ್ಥಿಂಗ್ ಕೆಟ್ಟಿರಬಹುದು, ಅಥವಾ ಒಂದು ತಂತಿ ಮುರಿದು ಇನ್ನೊಂದಕ್ಕೆ ತಾಗಿರಬಹುದು. ಬಲ್ಬ್ ಉಲ್ಟಾ ಕೂರಿಸಿದ್ದರೂ ಹೀಗೇ. ಅದರ ಎರಡು ಗೂಟಗಳು ಒಂದೇ ಎತ್ತರದಲ್ಲಿರುವುದಿಲ್ಲ, ಬಲವಂತ ಮಾಡಬಾರದು.

ಮೀಟರಿನಲ್ಲಿ ಹತ್ತುವ ಕೆಂಪು ಬ್ರೇಕ್ ಗುರುತು ಇದಲ್ಲ. ಅದು ಹ್ಯಾಂಡ್‌ಬ್ರೇಕ್ ಅಥವಾ ಬ್ರೇಕ್ ಆಯಿಲ್‌ಗೆ ಸಂಬಂಧಿಸಿದ್ದು. ಆಯಿಲ್ ಇಳಿದಿದ್ದರೆ ಮೇಲೆ ಸುರಿದು ಸುಮ್ಮನಾಗಬೇಡಿ. ಪ್ಯಾಡ್ ಸವೆದಿರಬಹುದು, ಎಲ್ಲೋ ಸೋರುತ್ತಿರಬಹುದು. ಎರಡನ್ನೂ ನೋಡಿಸಿ.

ಕಾಟ ತಪ್ಪಲಿ ಅಂತ ಫ್ಯೂಸ್ ಕಿತ್ತು ಓಡಿಸುವವರನ್ನು ಕೈ ಮುಗಿದು ಕೇಳಿಕೊಳ್ಳುತ್ತೇನೆ, ಹಾಗೆ ಮಾಡಬೇಡಿ. ಆಗ ಬ್ರೇಕ್ ಲೈಟೇ ಇಲ್ಲದಂತಾಗುತ್ತದೆ. ಕೆಲವು ಕಾರುಗಳಲ್ಲಿ ಅದೇ ಫ್ಯೂಸ್‌ನಲ್ಲಿ ಹಾರ್ನ್ ಕೂಡ ಇರುತ್ತದೆ. ರಿಪೇರಿ ಮರುದಿನಕ್ಕೆ ಹೋದರೆ, ರಾತ್ರಿ ನಿಂತ ಕಾರಿನ ಬ್ಯಾಟರಿಯ ಮೈನಸ್ ಕಳಚಿಡಿ. ರಿಪೇರಿ ಆದ ಮೇಲೆ ಒಬ್ಬರನ್ನು ಹಿಂದೆ ನಿಲ್ಲಿಸಿ, ಪೆಡಲ್ ಒತ್ತಿ ಬಿಟ್ಟು ನೋಡಿ. ಸ್ವಿಚ್ ಹೊಂದಿಸಿದ್ದರೆ ನಾಲ್ಕೈದು ಕಿಲೋಮೀಟರ್ ಓಡಿಸಿ, ಚಕ್ರದ ಹತ್ತಿರ ಕೈ ಹಿಡಿದು ಬಿಸಿ ಎಷ್ಟಿದೆ ನೋಡಿ. ರಿಮ್ ಮುಟ್ಟಬೇಡಿ, ಬ್ರೇಕ್ ಹಿಡಿದಿದ್ದರೆ ಕೈ ಸುಡುತ್ತದೆ.