ಕ್ವಾರ್ಟರ್ಸ್ ಬಿಟ್ಟ ಮೇಲೆ ಪತ್ರ ಓದುವವರು ಯಾರು?

ಪ್ರಶ್ನೆ: ಅಕ್ಕಾ, ನಾನು ಕುಮಟಾದವಳು, ನರ್ಸ್. ಜರ್ಮನಿಯಲ್ಲಿ ಆಸ್ಪತ್ರೆಯವರು ಕೊಟ್ಟ ಕೋಣೆಯಲ್ಲಿದ್ದು ತರಬೇತಿ ಮುಗಿಸಿದೆ, ಅಲ್ಲಿ ನರ್ಸ್ ಆಗಿ ದುಡಿಯಲು ಬೇಕಾದ ಮಾನ್ಯತಾ ಪತ್ರವೂ ಕೈಸೇರಿತು. ಈಗ ರಜೆಗೆ ಊರಿಗೆ ಬಂದಿದ್ದೇನೆ. ಮರಳಿದ ಎರಡು ತಿಂಗಳಲ್ಲಿ ಕೋಣೆ ಬಿಡಬೇಕು. ಈವರೆಗೆ ಎಲ್ಲ ಅವರೇ ನೋಡಿಕೊಂಡರು. ಮೊದಲು ಯಾವುದಕ್ಕೆ ತಯಾರಾಗಲಿ?

ಉತ್ತರ: ತಂಗಿ, ಮನೆ ಹುಡುಕುವುದೇ ದೊಡ್ಡ ಘಟ್ಟ ಎಂದು ಎಲ್ಲರೂ ಹೆದರಿಸಿರುತ್ತಾರೆ. ಅಲ್ಲಿದ್ದು ಕಾರವಾರಕ್ಕೆ ಮರಳಿದ ನನ್ನನ್ನು ಕೇಳಿದರೆ, ಅಂಚೆ ಡಬ್ಬಿ ಅನ್ನುತ್ತೇನೆ. ನಿನಗೆ ಬಂದ ಪತ್ರಗಳನ್ನು ಇಷ್ಟು ದಿನ ಆಸ್ಪತ್ರೆಯ ಯಾರೋ ಮೇಡಮ್ ಓದಿ, ‘ಇಲ್ಲಿ ಸಹಿ ಹಾಕು’ ಅಂದಿರುತ್ತಾರೆ. ನನಗೂ ಹಾಗೇ ಇತ್ತು. ಸ್ವಂತ ಮನೆಗೆ ಬಂದ ಮೇಲೆ ಒಂದು ಲಕೋಟೆಯನ್ನು ಜಾಹೀರಾತು ಎಂದುಕೊಂಡು ಫ್ರಿಜ್ ಮೇಲಿಟ್ಟು ಮರೆತೆ. ಅದು ರೇಡಿಯೋ-ಟಿವಿ ಶುಲ್ಕದ್ದು. ಟಿವಿ ಇರಲಿ ಬಿಡಲಿ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ. ಆಮೇಲೆ ಬಾಕಿ, ದಂಡ ಎರಡೂ ಒಟ್ಟಿಗೆ ಬಂದವು.

ನಮ್ಮಲ್ಲಿ ‘ಇಂಥ ಮಾಸ್ತರರ ಮನೆ’ ಎಂದು ಬರೆದರೂ ಪತ್ರ ಮುಟ್ಟುತ್ತದೆ. ಕರೆಂಟ್ ಬಿಲ್ ಬಾಕಿಯಾದರೆ ಲೈನ್‌ಮ್ಯಾನ್ ಅಂಗಳದಲ್ಲೇ ನಿಂತು ಕೂಗುತ್ತಾನೆ. ಅಲ್ಲಿ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರೇ ಇರುವುದಿಲ್ಲ. ಡಬ್ಬಿಯ ಮೇಲೆ ನಿನ್ನ ಅಡ್ಡಹೆಸರಿಲ್ಲದಿದ್ದರೆ ಪತ್ರ ಬಂದ ದಾರಿಯಲ್ಲೇ ವಾಪಸ್. ಹಾಗಾಗಿ ಬೀಗದ ಕೈ ಸಿಕ್ಕ ದಿನವೇ ಹೆಸರು ಅಂಟಿಸು, ಹಾಸಿಗೆ ಬಿಚ್ಚುವುದು ಆಮೇಲಾದರೂ ಆದೀತು. ಸರ್ಕಾರಿ ಆದೇಶಕ್ಕೆ ತಕರಾರು ಕೊಡಲು ಸಾಮಾನ್ಯವಾಗಿ ಒಂದು ತಿಂಗಳು ಸಿಗುತ್ತದೆ; ಕೋರ್ಟಿನ ವಸೂಲಿ ನೋಟಿಸಿಗಾದರೆ ಎರಡೇ ವಾರ. ಇಂಥ ಸರ್ಕಾರಿ, ಕೋರ್ಟಿನ ಕಾಗದ ಹಳದಿ ಲಕೋಟೆಯಲ್ಲಿ ಬಂದರೆ ಪೋಸ್ಟ್‌ಮನ್ ಅದರ ಮೇಲೆ ಬರೆದ ತಾರೀಕಿನಿಂದಲೇ ಗಡುವಿನ ಎಣಿಕೆ. ಲಕೋಟೆಯನ್ನೂ ಎಸೆಯಬೇಡ.

ನಿನ್ನ ವಾಸದ ಪರವಾನಗಿಯನ್ನೂ ತೆಗೆದು ನೋಡು. ಮಾನ್ಯತೆ ಪಡೆಯಲೆಂದು ಕೊಟ್ಟದ್ದು ಅಲ್ಲಿನ ವಾಸದ ಕಾಯ್ದೆಯ 16ಡಿ ಕಲಮಿನದು. ಈಗ ವಿದೇಶಿಯರ ಕಚೇರಿಯಲ್ಲಿ ನುರಿತ ನೌಕರರ 18ಎ ಕಲಮಿನ ಪರವಾನಗಿಗೆ ಅರ್ಜಿ ಹಾಕಬೇಕು. ಸಂಬಳವೂ ಸಹಾಯಕಿಯ ದರ್ಜೆಯಿಂದ ನರ್ಸ್ ದರ್ಜೆಗೆ ಏರಿತೇ, ಚೀಟಿ ನೋಡಿ ಕೇಳು. ಸಂಕೋಚ ಬೇಡ, ಅಲ್ಲಿ ಕೇಳದಿದ್ದರೇ ವಿಚಿತ್ರ.

ಇನ್ನು ಮನೆ. ಬಾಡಿಗೆಯಲ್ಲಿ ‘ತಣ್ಣನೆಯದು’, ‘ಬೆಚ್ಚನೆಯದು’ ಎಂದು ಎರಡು. ಕಾಲ್ಟ್‌ಮೀಟೆ ಅಂದರೆ ಬರೀ ಗೋಡೆಯ ಬಾಡಿಗೆ. ವಾರ್ಮ್‌ಮೀಟೆಯಲ್ಲಿ ಹೀಟರ್, ನೀರು, ಕಸದ ಖರ್ಚು ಸೇರಿರುತ್ತದೆ, ಕರೆಂಟ್ ಹೆಚ್ಚಾಗಿ ಪ್ರತ್ಯೇಕ. ಡಿಪಾಸಿಟ್ ತಣ್ಣನೆಯ ಬಾಡಿಗೆಯ ಮೂರು ತಿಂಗಳನ್ನು ಮೀರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ನಿನಗಿದೆ. ಮನೆ ನೋಡದೆ ಒಂದು ಯೂರೋವನ್ನೂ ಕಳಿಸಬೇಡ. ‘ಅಡುಗೆಮನೆ ಇದೆಯೇ’ ಎಂದು ಕೇಳಲು ನಾಚಬೇಡ: ಒಲೆ, ಸಿಂಕ್ ಏನೂ ಇಲ್ಲದೆ ಗೋಡೆಯಿಂದ ನಲ್ಲಿ ಕೊಳವೆ ಮಾತ್ರ ಇಣುಕುವ ಮನೆಗಳು ಬೇಕಾದಷ್ಟಿವೆ. ಸೇರಿದ ಎರಡು ವಾರದೊಳಗೆ ಮನೆಯೊಡೆಯರ ಸಹಿಯ ಕಾಗದ ಹಿಡಿದು ವಿಳಾಸ ನೋಂದಾಯಿಸು.

ಕೊನೆಗೆ ಬೂಷ್ಟು. ಆಷಾಢದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿನವರು ನಾವು, ಅಲ್ಲಿ ಅದರ ಬಗ್ಗೆ ಕಲಿಯುವುದೇನಿದೆ ಎಂದುಕೊಂಡಿದ್ದೆ. ನಮ್ಮಲ್ಲಿ ತೇವ ಹೊರಗಿನಿಂದ ಬರುತ್ತದೆ, ಅಲ್ಲಿ ಒಳಗೇ ಹುಟ್ಟುತ್ತದೆ. ಚಳಿಯೆಂದು ಎಲ್ಲ ಮುಚ್ಚಿಕೊಂಡು ಕುಚಲಕ್ಕಿ ಬೇಯಿಸಿದರೆ ಹಬೆಯೆಲ್ಲ ತಣ್ಣನೆಯ ಗೋಡೆಗೆ ಹೋಗಿ ನೀರಾಗುತ್ತದೆ, ವಾರದಲ್ಲಿ ಮೂಲೆ ಕಪ್ಪು. ಗೋಡೆಯ ರಿಪೇರಿ ಖರ್ಚು ನಿನ್ನ ಡಿಪಾಸಿಟ್‌ನ ಮೇಲೆ ಬಂದರೂ ಬಂತು. ದಿನಕ್ಕೆರಡು ಸಲ, ಐದೈದು ನಿಮಿಷ, ಕಿಟಕಿ ಪೂರ್ತಿ ತೆರೆದಿಡು. ಜನವರಿಯಲ್ಲಿ ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ ‘ಶೀತ ಆಗ್ತದೆ, ಕಿಟಕಿ ಹಾಕೇ’ ಎಂದು ಬೈಯುತ್ತಾಳೆ. ಬೈಯಲಿ.