ಜಗಳದ ನಡುವೆ ಒಂದು ಅರ್ಧ ಗಂಟೆ

ಜನವರಿಯಲ್ಲಿ ಮೂಡಿಗೆರೆ, ಕೊಪ್ಪದ ಕಡೆ ಕಣದ ತುಂಬ ಕಾಫಿ ಹರಡಿರುತ್ತದೆ. ಆಗ ಅಕಾಲದ ಮಳೆ ಸುರಿದರೆ ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿಗೆ ಜಗಳ ಖಾತ್ರಿ. "ಟಾರ್ಪಾಲ್ ಹೊದಿಸಿ ಅಂತ ಬೆಳಿಗ್ಗೆನೇ ಹೇಳಿದ್ದೆ" ಅಂತ ಶುರುವಾಗುತ್ತದೆ. ಹತ್ತು ನಿಮಿಷದಲ್ಲಿ ಅದು ಬ್ಯಾಂಕ್ ಸಾಲ, ತವರುಮನೆ, ಯಾವುದೋ ಮದುವೆಯಲ್ಲಾದ ಅವಮಾನ ಎಲ್ಲವನ್ನೂ ಸುತ್ತಿ ಬರುತ್ತದೆ.

"ಅವರ ಸ್ವಭಾವವೇ ಹಾಗೆ" ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಇದರಲ್ಲಿ ದೇಹದ ಪಾಲು ಜಾಸ್ತಿ. ಚುಚ್ಚುವ ಮಾತು ಕಿವಿಗೆ ಬಿದ್ದೊಡನೆ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಎದೆಬಡಿತ, ರಕ್ತದೊತ್ತಡ ಏರುತ್ತವೆ. ಸಕಲೇಶಪುರದ ತೋಟದಲ್ಲಿ ಕಾಡಾನೆ ಎದುರಾದಾಗ ದೇಹ ಹೇಗೆ ಸಜ್ಜಾಗುತ್ತದೋ, ಅಡುಗೆಮನೆಯಲ್ಲೂ ಹಾಗೇ ಸಜ್ಜಾಗುತ್ತದೆ. ಓಡುವುದಕ್ಕೆ, ಹೊಡೆದಾಡುವುದಕ್ಕೆ ಅದು ಸರಿ. ಎದುರಿಗಿರುವವರ ಮಾತು ಕೇಳಿಸಿಕೊಳ್ಳುವುದಕ್ಕೆ ಅಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಾನ್ ಗಾಟ್‌ಮನ್ ಮತ್ತು ರಾಬರ್ಟ್ ಲೆವೆನ್ಸನ್ ಅವರು ಹಲವು ದಂಪತಿಗಳ ಮೈಗೆ ಸೆನ್ಸರ್ ಹಾಕಿ, ಅವರವರ ತಕರಾರಿನ ಬಗ್ಗೆಯೇ ಮಾತಾಡಿಸಿದರು. ಎದೆಬಡಿತ ನಿಮಿಷಕ್ಕೆ 100 ದಾಟಿದರೆ ಮಾತು ತಲೆಗೆ ಹೋಗುವುದು ಕಷ್ಟ ಎನ್ನುತ್ತಾರೆ ಗಾಟ್‌ಮನ್. ಇನ್ನೊಂದು ವಿಷಯ ನನ್ನ ಮನಸ್ಸಿಗೆ ತುಂಬಾ ತಟ್ಟಿತು. ಜಗಳದಲ್ಲಿ ಮುಖ ಗಂಟುಹಾಕಿ ಸುಮ್ಮನಾಗಿಬಿಡುವವರು, ಅದರಲ್ಲಿ ಗಂಡಸರೇ ಹೆಚ್ಚು, ಹೊರಗೆ ಕಲ್ಲಿನ ಹಾಗೆ ಕಂಡರೂ ಅವರ ಎದೆ ಜೋರಾಗಿ ಬಡಿದುಕೊಳ್ಳುತ್ತಿರುತ್ತದೆ. "ಇವರಿಗೆ ನಾನಂದ್ರೆ ಲೆಕ್ಕಕ್ಕೇ ಇಲ್ಲ" ಅಂತ ಹೆಂಡತಿ ಅಂದುಕೊಳ್ಳುವ ಹೊತ್ತಿಗೆ ಅವರು ಒಳಗೆ ಕುದಿಯುತ್ತಿರುತ್ತಾರೆ.

ಗಾಟ್‌ಮನ್ ಒಂದು ಸರಳ ಪ್ರಯೋಗ ಮಾಡಿದರು. ವಾದ ಕಾಲು ಗಂಟೆ ನಡೆದ ಮೇಲೆ, ಯಂತ್ರ ಸರಿಮಾಡಬೇಕು ಅಂತ ನೆಪ ಹೇಳಿ ಮಾತು ನಿಲ್ಲಿಸಿದರು. ಅರ್ಧ ಗಂಟೆ ಆ ವಿಷಯ ಎತ್ತುವಂತಿಲ್ಲ, ಪತ್ರಿಕೆ ಓದುತ್ತಾ ಕೂರಬೇಕು. ಮತ್ತೆ ಶುರುಮಾಡಿದಾಗ ಎದೆಬಡಿತ ಇಳಿದಿತ್ತು, ಅದೇ ಜೋಡಿಗಳ ಮಾತಿನ ಧಾಟಿಯೇ ಬೇರೆಯಾಗಿತ್ತು. ಯಾರೂ ಅವರಿಗೆ ಬುದ್ಧಿ ಹೇಳಿರಲಿಲ್ಲ.

ವಿಷದಂಥ ಜಗಳ ಮೈಗೂ ನಾಟುತ್ತದೆ. ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಜಾನಿಸ್ ಕೀಕೋಲ್ಟ್-ಗ್ಲೇಸರ್ ಅವರ ತಂಡ 42 ದಂಪತಿಗಳ ಚರ್ಮದ ಮೇಲೆ ಚಿಕ್ಕ ಗುಳ್ಳೆಗಾಯ ಮಾಡಿ, ಅದು ಮಾಯುವುದನ್ನು ಗಮನಿಸಿತು. ಒಬ್ಬರಿಗೊಬ್ಬರು ಹಗೆಯಿಂದ ಮಾತಾಡುತ್ತಿದ್ದ ಜೋಡಿಗಳ ಗಾಯ, ಉಳಿದವರ ಶೇ. 60ರಷ್ಟು ವೇಗದಲ್ಲಿ ಮಾತ್ರ ಮಾಯಿತು. ಇದು 2005ರಲ್ಲಿ ಪ್ರಕಟವಾಯಿತು.

ಇವೆಲ್ಲ ಅಲ್ಲಿನ ದಂಪತಿಗಳ ಮೇಲೆ ನಡೆದ ಅಧ್ಯಯನಗಳು. ನಮ್ಮಲ್ಲಿ ಜಗಳಕ್ಕೆ ಪ್ರೇಕ್ಷಕರೂ ಇರುತ್ತಾರೆ. ಹಾಲ್‌ನಲ್ಲಿ ಅತ್ತೆ ಮಾವ, ಕಣದಲ್ಲಿ ಕೆಲಸದವರು. ಅವರೆದುರು ಸೋಲಬಾರದು ಅನ್ನುವ ಹಟವೂ ಸೇರಿಕೊಳ್ಳುತ್ತದೆ. ಹಾಗಾಗಿ ಬಿಡುವು ನಮಗೆ ಇನ್ನೂ ಜಾಸ್ತಿ ಬೇಕು ಅಂತ ನನಗನ್ನಿಸುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ಕೈ ಎತ್ತುವುದು, ಹೆದರಿಸುವುದು ಜಗಳವಲ್ಲ, ದೌರ್ಜನ್ಯ. ಅಲ್ಲಿ ಈ ಅರ್ಧ ಗಂಟೆಯ ಲೆಕ್ಕ ನಡೆಯುವುದಿಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬೇಕು.

ಇನ್ನು ಬಿಡುವು ಅಂದರೆ ಬೈಕ್ ಸ್ಟಾರ್ಟ್ ಮಾಡಿಕೊಂಡು ಪೇಟೆಗೆ ಹೋಗಿಬಿಡುವುದಲ್ಲ. ಹಾಗೆ ಎದ್ದುಹೋದರೆ ಉಳಿದವರಿಗೆ ಅದು ಇನ್ನೊಂದು ಏಟು. "ನನ್ನ ತಲೆ ಈಗ ಓಡ್ತಿಲ್ಲ, ಏಳು ಗಂಟೆಗೆ ಮಾತಾಡೋಣ" ಅಂತ ಹೊತ್ತು ಹೇಳಿ ಹೋಗಬೇಕು. ತೋಟ ಸುತ್ತುತ್ತಾ ಮುಂದಿನ ಉತ್ತರವನ್ನೇ ಮಸೆಯುತ್ತಿದ್ದರೆ ಎದೆಬಡಿತ ಇಳಿಯುವುದಿಲ್ಲ. ಮನಸ್ಸನ್ನು ಬೇರೆ ಕೆಲಸಕ್ಕೆ ಹಚ್ಚಬೇಕು. ಏಳು ಗಂಟೆಗೆ, ನಿಲ್ಲಿಸಿದವರೇ ಬಂದು ಮಾತು ತೆಗೆಯಬೇಕು. "ನೀನು ಯಾವತ್ತೂ" ಅಂತಲ್ಲ, "ಕಾಫಿ ನೆನೆದಿದ್ದು ನೋಡಿ ನನಗೆ ಗಾಬರಿ ಆಯ್ತು" ಅಂತ. ಹೊಸದಾಗಿ ಮದುವೆಯಾದ 124 ಜೋಡಿಗಳನ್ನು ಗಮನಿಸಿದ 1999ರ ಅಧ್ಯಯನದಲ್ಲಿ, ಕಾಲು ಗಂಟೆಯ ವಾದದ ಮೊದಲ 3 ನಿಮಿಷ ನೋಡಿಯೇ ಮುಂದೆ ಯಾರು ಬೇರೆಯಾಗಬಹುದು ಅಂತ ಸಾಕಷ್ಟು ಅಂದಾಜು ಮಾಡಲು ಆಗಿತ್ತು. ಶುರುವಿಗೆ ಅಷ್ಟು ತೂಕ ಇದೆ. ಈ ಒಪ್ಪಂದವನ್ನು ಜಗಳದ ಮಧ್ಯೆ ಮಾಡಿಕೊಳ್ಳಲು ಆಗುವುದಿಲ್ಲ, ಅಲ್ವಾ? ಇಬ್ಬರೂ ಖುಷಿಯಾಗಿರುವ ದಿನವೇ ಕೂತು ಮಾಡಿಕೊಳ್ಳಿ.